ಹಿಂದಿನ ಬೆಂಚಿನಲ್ಲಿ ಕೂತವರು

ನವೆಂಬರ್ ೧೪, ಗುರುವಾರ

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತೆ. ಕೋಪವಿದ್ದರೆ ಅರ್ಧ ಈಗಲೇ ಇಳಿಸಿಕೋ. ಉಳಿದರ್ಧವನ್ನು ಎದುರಿಗೆ ಸಿಕ್ಕಾಗ ಬೈದು ತೀರಿಸಿಕೊಳ್ಳುವೆಯಂತೆ. ನಿನ್ನ ಮಂಡಿನೋವು ಹೇಗಿದೆ? ಭಾವನ ಕೆಮ್ಮು? ಇಲ್ಲಿ ಇವರು ಆರೋಗ್ಯವಾಗಿದ್ದಾರೆ.

ಈ ವರ್ಷ ಮೊದಲ ವರ್ಷದವರಿಗೆ ತತ್ತ್ವಶಾಸ್ತ್ರದ ಪ್ರವೇಶ ಪಾಠ ನನ್ನದೇ. ಬೇರೆಲ್ಲೂ ಸೀಟು ಸಿಗದೆ ಬಂದ ಮಕ್ಕಳೇ ಹೆಚ್ಚು. ಅವರಲ್ಲೊಬ್ಬಳು ಟೈಲರನ ಮಗಳು; ಎಲ್ಲರ ಬಾಯಲ್ಲೂ ಅವಳು ಮೆಣಸಿನಕಾಯಿ. ಒಂದು ದಿನ ಎದ್ದು ನಿಂತು, "ಮೇಡಂ, ಹೊಡೀತಾರೆ ಅಂತ ಹೆದರಿ ಒಳ್ಳೆಯವರಾಗಿದ್ರೆ ಅದು ಒಳ್ಳೇತನಾನಾ? ಇಡೀ ಊರೇ ಹಾಗಿದ್ರೆ?" ಎಂದಳು. ನನಗೆ ಖುಷಿಯೋ ಖುಷಿ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, "ಎಲ್ಲರೂ ಯೋಚನೆ ಮಾಡ್ಕೊಂಡು ಬನ್ನಿ" ಎಂದೆ.

ಎರಡು ದಿನ ಬಿಟ್ಟು ತರಗತಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ಇಬ್ಬರು ಗಂಡಸರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪುಸ್ತಕವಿಲ್ಲ. "ಯಾರು ನೀವು?" ಎಂದೆ. "ಕಲಿಯೋಕೆ ಬಂದಿದೀವಿ, ನೀವು ನಡೆಸಿ" ಎಂದು ಒಬ್ಬ ನಕ್ಕ.

ಸೋಮವಾರದಿಂದ ಆ ಹುಡುಗಿ ಕಾಣೆ. ಅವಳಪ್ಪ ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿದ್ದಂತೆಯೇ ಓಡಿಬಂದು, "ಕಾಲೇಜಿಗೆ ಹೊರಟೋಳು ಮನೆಗೆ ಬಂದಿಲ್ಲಮ್ಮ. ಸ್ಟೇಷನ್ನಲ್ಲಿ ಕೇಳಿದ್ರೆ, ಅವಳ ಮೇಡಮ್ಮನ್ನೇ ಕೇಳು ಅಂತಾರೆ" ಎಂದರು. ಅವರ ಜೊತೆ ನಾನೂ ಸ್ಟೇಷನ್ನಿಗೆ ಹೋದೆ. ಸಂಜೆವರೆಗೂ ಕೂರಿಸಿ, "ಶುಕ್ರವಾರ ಬನ್ನಿ" ಎಂದರು. ನಾಳೆ ಮತ್ತೆ ಹೋಗುತ್ತೇವೆ.

ಇಂದು ಪ್ರಾಂಶುಪಾಲರು ಬಾಗಿಲು ಹಾಕಿಕೊಂಡು, "ನಿಮ್ಮ ಮೇಲೆ ದೂರು ಬಂದಿದೆ. ಪುಸ್ತಕದಲ್ಲಿರೋದನ್ನ ಓದಿಸಿ ಸುಮ್ಮನಿರಿ, ತಾಯಿ" ಎಂದರು. ಅಲ್ಲಿಂದ ತರಗತಿಗೆ ಹೋಗಿ, "ಯಾರಿಗಾದ್ರೂ ಪ್ರಶ್ನೆ ಇದೆಯಾ?" ಎಂದು ಕೇಳಿದೆ. ಮಕ್ಕಳು ಹಿಂದೆ ತಿರುಗಿ ಆ ಇಬ್ಬರನ್ನು ನೋಡಿ, ತಲೆ ತಗ್ಗಿಸಿದರು.

ನಿನ್ನ ಮಕ್ಕಳಿಗೆ ಚಿಕ್ಕಮ್ಮನ ಮುತ್ತು, ಆಶೀರ್ವಾದ. ನೀವೆಲ್ಲ ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇರಿ.

ನಿನ್ನ
ಪುಟ್ಟಿ

ತಾ.ಕ.: ಮನೆಯ ವಿಳಾಸಕ್ಕೆ ಬರೆಯಬೇಡ. ಪ್ರಾಂಶುಪಾಲರು ದೂರಿನ ಒಂದು ಮಾತನ್ನು ನನಗೆ ಹೇಳಿದರು. 'ಈ ಊರಲ್ಲಿ ಒಳ್ಳೆಯವರು ಯಾರೂ ಉಳಿದಿಲ್ಲ, ಹೆದರಿದವರು ಮಾತ್ರ ಇದ್ದಾರೆ' ಎಂದು ನಾನು ಪಾಠ ಮಾಡಿದೆನಂತೆ. ಆ ಮಾತು ಆಡಿದ್ದು ನಿಜ. ಆದರೆ ತರಗತಿಯಲ್ಲಲ್ಲ ಅಕ್ಕಾ. ನಮ್ಮ ಅಡುಗೆಮನೆಯಲ್ಲಿ, ಇವರಿಗೆ ಬಡಿಸುತ್ತಾ. ಗಂಡ ಹೆಂಡತಿ ಇಬ್ಬರೇ ಇದ್ದೆವು. ಈಗ ಇವರು ಪಕ್ಕದ ಕೋಣೆಯಿಂದ ಕೇಳುತ್ತಿದ್ದಾರೆ, "ಯಾರಿಗೆ ಬರೀತಿದೀಯ?"