ಸೊಸೆಯ ಈರುಳ್ಳಿ ಸಾಲು

ಹಿತ್ತಲ ಮೆಟ್ಟಿಲ ಮೇಲಿಂದ,
ಅಕ್ಟೋಬರ್ ೧೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಸೊಸೆ, ನಮ್ಮನೆಯ ಡ್ರೈವರಮ್ಮಾ,

ಹೇಗಿದ್ದೀಯೆ? ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಭುಜ ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ. ಬಿಸಿನೀರಿನ ಬಟ್ಟೆ ಇಟ್ಟುಕೋ. ಹಾಸ್ಟೆಲಿನ ಊಟ ಸಪ್ಪೆಯೆಂದು ಅರೆಹೊಟ್ಟೆಯಲ್ಲಿ ಮಲಗಬೇಡ. ಬಸ್ಸಿನ ತರಬೇತಿ ಮುಗಿಯಲು ಇನ್ನು ಏಳು ವಾರ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಳೆಯುತ್ತದೆ. ಬಸ್ಸು ಓಡಿಸುವಾಗ ಮಾತ್ರ ಮುಚ್ಚಬೇಡ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಾವನ ಮಂಡಿ ಎಂದಿನಂತೆಯೇ. ಗುದ್ದಲಿ ಕಂಡರೆ ನೋಯುತ್ತದೆ, ತಿಂಡಿತಟ್ಟೆ ಕಂಡರೆ ವಾಸಿಯಾಗುತ್ತದೆ.

ಎಲೆ ಉದುರಲು ಶುರುವಾಗಿದೆ. ಈ ಕಾಲದಲ್ಲಿ ಕೈ ಕಟ್ಟಿ ಕೂತವರು ಆಮೇಲೆ ಬಾಯಿ ಕಟ್ಟಬೇಕಾಗುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಅದಕ್ಕೇ ಟೊಮೆಟೊ ಗಿಡ ಕಿತ್ತ ಜಾಗ ಆರುವ ಮೊದಲೇ ಬೆಳ್ಳುಳ್ಳಿ ಎಸಳು ಊರಿದೆ, ಬುಡ ಕೆಳಗೆ, ಚೂಪು ಮೇಲೆ. ಅದು ಬೇಸಿಗೆಗೆ. ಬಟಾಣಿಯನ್ನೂ ಬಿತ್ತಿದೆ, ಅದು ಚಳಿ ಕಳೆದ ಮೇಲಕ್ಕೆ. ಪಾಲಕ್, ಮೂಲಂಗಿಯನ್ನು ಒಂದೇ ಸಲ ಚೆಲ್ಲಲಿಲ್ಲ. ಎರಡು ವಾರಕ್ಕೊಮ್ಮೆ ಎರಡೆರಡು ಮೊಳ, ಒಂದು ಮುಗಿಯುವಾಗ ಇನ್ನೊಂದು ಕೈಗೆ ಬರಬೇಕು. ಉದುರಿದ ಎಲೆಯನ್ನೆಲ್ಲ ಗುಡಿಸಿ ಬೆಳ್ಳುಳ್ಳಿ ಮಡಿಗೆ ಹೊದಿಸಿದ್ದೇನೆ. "ಮಕ್ಕಳಿಗೂ ನೀನು ಇಷ್ಟು ಚೆನ್ನಾಗಿ ಹೊದಿಸಿರಲಿಲ್ಲ ಬಿಡು" ಎಂದರು ಮಾವ. ಮಕ್ಕಳು ಒದ್ದು ಕೆಡವುತ್ತಿದ್ದವು, ಬೆಳ್ಳುಳ್ಳಿ ಒದೆಯುವುದಿಲ್ಲ.

ಇನ್ನು ನಿನ್ನ ಸಾಲು. ಹೊರಡುವ ಹಿಂದಿನ ದಿನ ನನ್ನನ್ನು ಒಂದು ಮಾತೂ ಕೇಳದೆ ನಲ್ಲಿ ಪಕ್ಕದ ಮಡಿಯಲ್ಲಿ ಈರುಳ್ಳಿ ಬೀಜ ಬಿತ್ತಿ, ಎರಡು ತುದಿಗೂ ಹಳೇ ಚಮಚ ನೆಟ್ಟು ಹೋದೆಯಲ್ಲ, ಅದು. ಅಲ್ಲಿ ಬರೀ ಮಣ್ಣಿದೆ, ಪಕ್ಕದ ಮನೆ ದರ್ಜಿಯ ಕೋಳಿ ಕೆದರಿರಬೇಕು ಎಂದು ಹೋದ ಸಲ ಬರೆದಿದ್ದೆ. ಅದಕ್ಕೆ ನೀನು ಬರೆದ ಉತ್ತರ ಓದಿ ನನಗೆ ಊಟ ಸೇರಲಿಲ್ಲ. "ಕೋಳಿನೂ ಇಲ್ಲ, ಏನೂ ಇಲ್ಲ ಅತ್ತೆ. ನನ್ನ ಕೈಯಲ್ಲಿ ಏನೂ ಹುಟ್ಟಲ್ಲ. ಆ ಮಡೀನೂ ನೀವೇ ಇಟ್ಕೊಳ್ಳಿ, ನಾನಿನ್ನು ಹಿತ್ತಲ ತಂಟೆಗೆ ಬರಲ್ಲ." ಹಾಗೆನ್ನಬೇಡ. ಮನೆಯುದ್ದದ ಬಸ್ಸನ್ನು ಹಿಂದಕ್ಕೆ ತೆಗೆದು ಗೆರೆಯೊಳಗೆ ನಿಲ್ಲಿಸುವ ಕೈಗೆ ಒಂದು ಸಾಲು ಈರುಳ್ಳಿ ಒಲಿಯದೇ? ಈ ಮನೆಗೆ ಬಂದ ಮೂರು ವರ್ಷದಲ್ಲಿ ನಿನ್ನದೆಂದು ನೀನು ಹಾಕಿದ್ದು ಅದೊಂದೇ. ಆ ಮಡಿಗೆ ನಾನು ಬೇರೇನೂ ಹಾಕಿಲ್ಲ, ಹಾಕುವುದೂ ಇಲ್ಲ.

ಮೊನ್ನೆ ದರ್ಜಿಯ ಜೊತೆ ಮಾತಿಗೆ ಮಾತು ಬೆಳೆಯಿತು. ಬೇಲಿಯ ಈಚೆಯಿಂದಲೇ ಅವನ ಕೋಳಿಯ ಏಳು ತಲೆಮಾರನ್ನೂ ಜಾಲಾಡಿದೆ. ಅವನು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು, "ಅಕ್ಕಾ, ನಮ್ಮ ಕೋಳಿ ಕಾವಿಗೆ ಕೂತು ಹದಿನೆಂಟು ದಿನ ಆಯ್ತು. ಹೊಸಿಲು ದಾಟಿಲ್ಲ. ಬೇಕಾದ್ರೆ ಬಂದು ಅದನ್ನೇ ಕೇಳಿ" ಎಂದ. ನಾನು ಒಳಗೆ ಬಂದೆ. ಅದಿರಲಿ.

ಇಳಿಜಾರಿನಲ್ಲಿ ನಿಧಾನ. ಮಾವ ಆಶೀರ್ವಾದ ಹೇಳಿದ್ದಾರೆ. ನಿನ್ನ ಗಂಡ ಪತ್ರ ಡಬ್ಬಿಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ನೀನು ಹೋದ ದಾರಿಯಲ್ಲೆಲ್ಲ ಹಸಿರು ದೀಪವೇ ಸಿಗಲಿ.

ನಿನ್ನ ಅತ್ತೆ

ತಾ.ಕ.: ನಿನ್ನ ಗಂಡನನ್ನು ಎರಡು ನಿಮಿಷ ತಡೆದಿದ್ದೇನೆ. ಕೋಳಿಯ ತಪ್ಪಿಲ್ಲ. ನಿನ್ನ ಈರುಳ್ಳಿ ಹುಟ್ಟಿತ್ತು, ಸಾಲು ತುಂಬ ಹುಟ್ಟಿತ್ತು. ನಾನು ಯಾವತ್ತೂ ಗಡ್ಡೆ ಊರಿದವಳು, ಬೀಜದ ಪೈರು ಕಂಡವಳಲ್ಲ. ಕನ್ನಡಕವೂ ಇರಲಿಲ್ಲ. ದಾರದಷ್ಟು ಸಪೂರ ನಿಂತಿದ್ದನ್ನು ಹುಲ್ಲೆಂದುಕೊಂಡು, ನಿನಗೆ ಉಪಕಾರವಾಗಲಿ ಎಂದು ಪೂರ್ತಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆ. ದರ್ಜಿಯ ಮಾತು ಕೇಳಿದ ಮೇಲೆ ಗುಂಡಿಗೆ ಹೋಗಿ ಬಾಡಿದ ಒಂದನ್ನು ಬೆರಳಲ್ಲಿ ಹೊಸಕಿದೆ, ಘಮ್ಮೆಂದಿತು. ತುದಿಯಲ್ಲಿ ಬೀಜದ ಕರಿ ಸಿಪ್ಪೆ ಟೋಪಿಯ ಹಾಗೆ ಇನ್ನೂ ಕೂತಿತ್ತು. ಮಾವ ಅವತ್ತಿನಿಂದ ನಗುತ್ತಲೇ ಇದ್ದಾರೆ. ಕೋಳಿಗೆ ಒಂದು ಹಿಡಿ ಜೋಳ ಒಯ್ದರೆ ಅದೂ ಮುಖ ತಿರುಗಿಸಿತು. ನೀನು ಉಳಿಸಿಟ್ಟಿದ್ದ ಬೀಜ ಈ ಲಕೋಟೆಯಲ್ಲಿದೆ. ಹಾಸ್ಟೆಲಿನ ಕಿಟಕಿಯಲ್ಲಿ ಒಂದು ಹಳೇ ಡಬ್ಬಿಗೆ ಪತ್ರ ಸಿಕ್ಕಿದ ದಿನವೇ ಬಿತ್ತು. ನೀನು ಬರುವ ಹೊತ್ತಿಗೆ ಕಿತ್ತು ನೆಡುವಷ್ಟಾಗುತ್ತದೆ. ಚಮಚಗಳನ್ನು ಅಲ್ಲೇ ಬಿಟ್ಟಿದ್ದೇನೆ. ಕಳೆ ಕೀಳುವ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಲ್ಲು ಯಾವುದು, ಈರುಳ್ಳಿ ಯಾವುದು ತೋರಿಸಿಕೊಡು. ಕನ್ನಡಕ ಹಾಕಿಕೊಂಡೇ ಬರುತ್ತೇನೆ.