ಕೆಂಪಿ ಯಾವ ಗಾತ್ರದ ಪ್ರಾಣಿ?

ಪಶುವೈದ್ಯರ ತರಬೇತಿಯ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಾಯಿ ಸಣ್ಣ ಪ್ರಾಣಿಯೋ, ದೊಡ್ಡ ಪ್ರಾಣಿಯೋ? ದಯವಿಟ್ಟು ಇದೊಂದನ್ನು ಮೊದಲು ತಿಳಿಸಿ. ನಮ್ಮ ಮನೆಯ ನಾಯಿ ಮೂತ್ರಪಿಂಡದ ಕಾಯಿಲೆಯಿಂದ ಸತ್ತ ಮೇಲೆ, ನಾಯಿ ಬೆಕ್ಕುಗಳ ಒಳಗಿನ ರೋಗಗಳ ಬಗ್ಗೆ ನಮಗೆ ಕಲಿಸಿಕೊಡಿ ಎಂದು ನಮ್ಮ ಊರಿನ ಪಶುವೈದ್ಯರು ತಮ್ಮನ್ನು ಕೇಳಿಕೊಂಡರು. ತಾವು ಅವರಿಗೆ ಕುರಿ ತೋರಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸಿದಿರಿ. ಈಗ ಇನ್ನೊಂದು ನಾಯಿ ಅದೇ ಕಾಯಿಲೆಯ ದಾರಿ ಹಿಡಿದಿದೆ. ಸತ್ತದ್ದು ನನ್ನದು. ಬದುಕಿರುವುದು ಬೇರೆಯವರದು. ಅದಕ್ಕಾಗಿ ಈ ಪತ್ರ.

ನಾನು ಕುಷ್ಟಗಿಯಲ್ಲಿ ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ತಮ್ಮಂಥವರಿಗೆ ಅರ್ಜಿ ಬರೆದುಕೊಡುವುದೇ ನನ್ನ ಕಸುಬು. ಪಹಣಿ ತಿದ್ದುಪಡಿಯಿಂದ ಹಿಡಿದು ವಿಧವಾ ವೇತನದವರೆಗೆ ಸಾವಿರಾರು ಜನರ ಪರವಾಗಿ 'ತಮ್ಮಲ್ಲಿ ಸವಿನಯ ಪ್ರಾರ್ಥನೆ' ಎಂದು ಬೆರಳು ಸವೆಯುವಷ್ಟು ಹೊಡೆದಿದ್ದೇನೆ. 'ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು' ಎಂದು ಬರುವ ಉತ್ತರವನ್ನು ಓದುಬರಹ ಇಲ್ಲದವರಿಗೆ ಓದಿ ಹೇಳಿ, ಹಾಗೆಂದರೆ ಏನೂ ಆಗುವುದಿಲ್ಲ ಎಂದು ಅರ್ಥವನ್ನೂ ಬಿಡಿಸಿ ಹೇಳಿದ್ದೇನೆ. ನನ್ನ ಸ್ವಂತಕ್ಕೆ ಬರೆಯುತ್ತಿರುವುದು ಇದೇ ಮೊದಲು. ಹಾಗಾಗಿ ವಿನಯ ಸ್ವಲ್ಪ ಕಡಿಮೆ ಕಂಡರೆ ಕ್ಷಮೆಯಿರಲಿ.

ನಮ್ಮ ನಾಯಿಯ ಹೆಸರು ಕೆಂಪಿ. ಯಲಬುರ್ಗಾ ಕಡೆ ಕುರಿ ಸಾಕಿಕೊಂಡಿರುವ ಫಕೀರಮ್ಮ ಎಂಬವರ ಹಟ್ಟಿಯಲ್ಲಿ ಹುಟ್ಟಿದ್ದು. ಅವರಿಗೆ ನಾನೊಮ್ಮೆ ಅರ್ಜಿ ಬರೆದುಕೊಟ್ಟದ್ದಕ್ಕೆ ಸೆರಗಿನಲ್ಲಿ ಸುತ್ತಿಕೊಂಡು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಬೆಳೆದು ಎತ್ತರದ, ಸಣ್ಣ ಸೊಂಟದ, ಯಾರ ಮಾತೂ ಕೇಳದ ಹುಡುಗಿಯಾದಳು. ಅಂಗಡಿಯ ಬಾಗಿಲಲ್ಲಿ ಮಲಗಿರುತ್ತಿದ್ದಳು. ಅರ್ಜಿದಾರರು ಅವಳನ್ನು ದಾಟಿಯೇ ಒಳಗೆ ಬರಬೇಕಿತ್ತು. ಹೋದ ವರ್ಷ ಬೇಸಿಗೆಯಲ್ಲಿ ಅವಳು ವಿಪರೀತ ನೀರು ಕುಡಿಯತೊಡಗಿದಳು. ಇಟ್ಟ ಬೋಗುಣಿ ಇಟ್ಟಂತೆ ಖಾಲಿ. ಹೋದಲ್ಲೆಲ್ಲ ಉಚ್ಚೆ. ಮೈ ಇಳಿಯುತ್ತ ಬಂತು, ಬಾಯಿ ನಾರತೊಡಗಿತು. ನಮ್ಮ ಕಡೆಯ ಬೇಸಿಗೆ ತಮಗೆ ಗೊತ್ತಿರಬಹುದು, ಅಥವಾ ತಮ್ಮ ಕೋಣೆಯ ತಂಪಿನಲ್ಲಿ ಗೊತ್ತಾಗದೆಯೂ ಇರಬಹುದು. ಇಲ್ಲಿ ಮನುಷ್ಯ, ದನ, ಗುಬ್ಬಿ ಎಲ್ಲರೂ ಆ ದಿನಗಳಲ್ಲಿ ನೀರಿಗೇ ಬಾಯಿ ಹಚ್ಚಿಕೊಂಡಿರುತ್ತಾರೆ. ನಮ್ಮ ಅತ್ತೆ ಭೀಮಕ್ಕ ನೋಡಿದ ಕೂಡಲೇ ತೀರ್ಪು ಕೊಟ್ಟರು. "ಉಷ್ಣ ಆಗೇತವ್ವ ಅದಕ್ಕ. ಮಜ್ಜಿಗಿ ಹಾಕು." ಓಣಿಯವರೆಲ್ಲ ಅದನ್ನೇ ಅಂದರು. ನಾನು ಮಜ್ಜಿಗೆ ಹಾಕಿದೆ.

ಇಳಿಯದ ಉಷ್ಣವನ್ನು ಕರೆದುಕೊಂಡು ಡಾಕ್ಟರ್ ಯಂಕೇಶ ಅವರ ಹತ್ತಿರ ಹೋದೆ. ಅವರು ನಮ್ಮ ತಾಲ್ಲೂಕಿನ ಪಶುವೈದ್ಯರು. ಸರಹೊತ್ತಿನಲ್ಲಿ ಕರೆದರೂ ಬಂದು ಎಮ್ಮೆಯ ಹೊಟ್ಟೆಯಿಂದ ಕರು ತೆಗೆದುಕೊಟ್ಟವರು, ಜನ ಅವರ ಹೆಸರು ಹೇಳಿ ಹಾಲು ಕರೆಯುತ್ತಾರೆ. "ಬ್ಯಾಸಗಿ ಐತಲ್ರಿ ಅಕ್ಕಾರ, ನಾವs ಕೊಡಗಟ್ಟಲೆ ಕುಡ್ಯಾಕತ್ತೀವಿ, ನಾಯಿ ಕುಡೀಲಾರದ ಇರತೈತೇನ್ರಿ?" ಅಂದರು. ಸಲೈನ್ ಏರಿಸಿದರು. ಹಿಂಗಾಲು ಎಳೆಯುತ್ತಿದ್ದಳೆಂದು ನೋವಿನ ಇಂಜೆಕ್ಷನ್ ಕೊಟ್ಟರು. ಕೆಂಪಿ ಅನ್ನ ಬಿಟ್ಟಳು. ಕೊನೆಗೆ ಬಾಡಿಗೆ ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಒಯ್ದಾಗ ಅಲ್ಲಿನ ಡಾಕ್ಟರು ರಕ್ತ ನೋಡಿ, ಎರಡೂ ಮೂತ್ರಪಿಂಡ ಸೋತಿವೆ, ಸೋತಿರುವಾಗ ಆ ನೋವಿನ ಔಷಧ ಕೊಡಬಾರದಿತ್ತು, ಮೊದಲೇ ಗೊತ್ತಾಗಿದ್ದರೆ ಊಟ ಬದಲಿಸಿ ಔಷಧ ಕೊಟ್ಟು ಬಹುಕಾಲ ಉಳಿಸಿಕೊಳ್ಳಬಹುದಿತ್ತು ಎಂದರು. ತಿರುಗಿ ಬರುವಾಗ ಗಜೇಂದ್ರಗಡ ದಾಟುವ ಮೊದಲೇ ಕೆಂಪಿ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟಳು.

ನನಗೆ ಸಿಟ್ಟು ಬಂತು. ಡಾಕ್ಟರಿಗೆ ಮುಖಕ್ಕೆ ಹೊಡೆದಂತೆ ಅಂದುಬಿಡಬೇಕೆಂದೇ ದವಾಖಾನೆಗೆ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಕುರ್ಚಿಯಿಂದ ಎದ್ದು ನಿಂತು ಮಾತಾಡಿದರು. "ತಪ್ಪಾತ್ರಿ ಅಕ್ಕಾರ. ಕಾಲೇಜಿನಾಗ ಇದನ್ನ ಓದೀನ್ರಿ, ಪಾಸೂ ಆಗೀನಿ. ನೌಕರಿ ಸೇರಿದ ಮ್ಯಾಲ ನನ್ನ ಕೈಗೆ ಬಂದದ್ದೆಲ್ಲ ಎಮ್ಮಿ, ಆಕಳ, ಕುರಿ. ನಾಯಿ ಅಂದ್ರ ಹುಚ್ಚುನಾಯಿ ಸೂಜಿ ಅಷ್ಟs. ಇಷ್ಟು ವರ್ಷದಾಗ ಯಾರರ ಒಮ್ಮೆ ಕುಂದ್ರಿಸಿ, ಕಿಡ್ನಿ ಹೋಗೋ ನಾಯಿ ಹಿಂಗ ಇರತೈತಿ ನೋಡು ಅಂತ ತೋರಿಸಿದ್ರ ನನಗ ಹೊಳೀತಿತ್ತು." ಹೀಗೆ ಹೇಳಿದ ಮನುಷ್ಯನ ಮೇಲೆ ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ಅದು ಇಳಿದು ತಮ್ಮ ವಿಳಾಸ ಹುಡುಕತೊಡಗಿತು.

ಯಂಕೇಶ ಅವರು ಸುಮ್ಮನೆ ಕೂರಲಿಲ್ಲ. ಸಣ್ಣ ಪ್ರಾಣಿಗಳ ಅಂಗಾಂಗ ರೋಗಗಳ ಬಗ್ಗೆ, ಅಂದರೆ ಮೂತ್ರಪಿಂಡ, ಯಕೃತ್ತು, ಹೃದಯ, ಶ್ವಾಸಕೋಶ ಇವುಗಳ ಕಾಯಿಲೆಯ ಬಗ್ಗೆ ತರಬೇತಿ ಬೇಕೆಂದು ತಮಗೆ ಬರೆದರು. ಅವರ ವಿದ್ಯೆಯಲ್ಲಿ 'ಸಣ್ಣ ಪ್ರಾಣಿ' ಎಂದರೆ ನಾಯಿ, ಬೆಕ್ಕು. ಮೊದಲ ವರ್ಷದ ವಿದ್ಯಾರ್ಥಿಗೂ ಇದು ಗೊತ್ತಂತೆ. ಕೊಪ್ಪಳ, ಗಂಗಾವತಿ, ಯಲಬುರ್ಗಾದ ಡಾಕ್ಟರುಗಳೂ ಸಹಿ ಹಾಕಿದರು. ಆಶ್ಚರ್ಯವೆಂದರೆ ತಾವು ಒಪ್ಪಿದಿರಿ. ಯಂಕೇಶ ಅವರು ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆಗೆ ಹೊರಟವರಂತೆ ನನ್ನ ಅಂಗಡಿಯ ಮುಂದೆ ಹಾದು ಹೋದರು. ಮಧ್ಯಾಹ್ನ ನನ್ನ ಮೊಬೈಲಿಗೆ ಅವರಿಂದ ಒಂದು ಫೋಟೋ ಬಂತು. ಜೊತೆಗೆ ಒಂದಕ್ಷರವೂ ಇರಲಿಲ್ಲ. ವೇದಿಕೆಯ ಮೇಲೆ ದೊಡ್ಡ ಬ್ಯಾನರು. 'ಸಣ್ಣ ಪ್ರಾಣಿಗಳ ಅಂಗಾಂಗ ರೋಗಗಳು: ಪಶುವೈದ್ಯರಿಗೆ ಮುಂದುವರಿದ ಶಿಕ್ಷಣ'. ಅದರ ಕೆಳಗೆ ಸುರುಳಿ ಕೊಂಬಿನ ಒಂದು ಟಗರು, ಪಕ್ಕದಲ್ಲಿ ಎರಡು ಆಡು.

ನಾನು ಮೊದಲು ನಕ್ಕೆ. ಆಮೇಲೆ ಅಳು ಬಂತು. ನಮ್ಮ ಕಡೆ ದೊಡ್ಡದು ಅಂದರೆ ಎತ್ತು, ಎಮ್ಮೆ. ಸಣ್ಣದು ಅಂದರೆ ಆಡು, ಕುರಿ. ಸಂತೆಯಲ್ಲಿ ಹಾಗೆ ಅಂದುಕೊಳ್ಳಲಿ, ಪಶುವೈದ್ಯರ ತರಬೇತಿ ನಡೆಸುವ ಕಚೇರಿಯಲ್ಲೂ ಹಾಗೇ ಅಂದುಕೊಳ್ಳುವುದೇ? ಬೆಳಗಿನಿಂದ ಸಂಜೆಯವರೆಗೆ ಕುರಿಗಳ ಜಂತುಹುಳದ ಬಗ್ಗೆ ಉಪನ್ಯಾಸವಾಯಿತು. ಬಂದಿದ್ದ ಪರಿಣತರದೇನೂ ತಪ್ಪಿಲ್ಲ, ಅವರನ್ನು ಕುರಿಗೆಂದೇ ಕರೆಸಿದ್ದಿರಿ. ಕುರಿಯ ಯಕೃತ್ತನ್ನು ತಟ್ಟೆಯಲ್ಲಿಟ್ಟು ಕೊಯ್ದು ತೋರಿಸಿದರು. ಅಲ್ಲಿಗೆ 'ಅಂಗಾಂಗ'ವೂ ಮುಗಿಯಿತು. ಯಂಕೇಶ ಅವರು ಎದ್ದು ನಾಯಿಯ ಮಾತೆತ್ತಿದ್ದಕ್ಕೆ, ವಿಷಯ ಬಿಟ್ಟು ಮಾತಾಡಬಾರದು ಎಂದು ವೇದಿಕೆಯಿಂದ ಸೂಚನೆ ಬಂತಂತೆ. ನಮ್ಮ ಕೆಂಪಿ ನಿಂತರೆ ಆಡಿಗಿಂತ ಎತ್ತರವಿದ್ದಳು. ಆ ಲೆಕ್ಕದಲ್ಲಿ ಅವಳು ದೊಡ್ಡ ಪ್ರಾಣಿಯೇ ಇರಬೇಕು.

ಇಷ್ಟಕ್ಕೇ ನಿಂತಿದ್ದರೆ ಆದದ್ದಾಯಿತು ಎಂದು ಬಿಡುತ್ತಿದ್ದೆ. ಯಂಕೇಶ ಅವರು ಎರಡನೆಯ ಸಲ ಬರೆದು, ಈ ಬಾರಿ ನಾಯಿ, ಬೆಕ್ಕು ಎಂದು ಬಿಡಿಸಿ ಬರೆದು ಕೇಳಿದರು. ತಮ್ಮಿಂದ ಬಂದ ಉತ್ತರ ಹೀಗಿತ್ತು: 'ಸದರಿ ವಿಷಯದಲ್ಲಿ ತಾವು ಈಗಾಗಲೇ ತರಬೇತಿ ಪಡೆದಿರುವುದರಿಂದ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.' ಅಂದರೆ ಕಲಿಸದೇ ಕೊಟ್ಟ ಪ್ರಮಾಣಪತ್ರವೇ ಈಗ ಕಲಿಯುವುದಕ್ಕೆ ಅಡ್ಡಿ. ನಾನೇ ತಮ್ಮ ಕಚೇರಿಗೆ ಫೋನ್ ಹಚ್ಚಿದೆ. ನಾಯಿ ತರಬೇತಿ ಮತ್ತೆ ಯಾವಾಗ ಎಂದು ಕೇಳಿದೆ. ಆ ಕಡೆಯಿಂದ ಬಹಳ ಸೌಜನ್ಯದ ಉತ್ತರ ಬಂತು: "ನಾಯಿಗೆ ತರಬೇತಿ ಪೊಲೀಸ್ನವ್ರು ಕೊಡ್ತಾರ್ರಿ ಮೇಡಂ, ನಮ್ಮಲ್ಲಿ ಆ ಸೌಲಭ್ಯ ಇಲ್ರಿ."

ಬಡವರ ಜಿಲ್ಲೆಯಲ್ಲಿ ನಾಯಿಯ ಕಿಡ್ನಿಯ ಚಿಂತೆ ಯಾರಿಗೆ ಎಂದು ತಾವು ಕೇಳಬಹುದು. ಕೇಳಿ. ಕೊಪ್ಪಳದ ಪಕ್ಕದ ಭಾಗ್ಯನಗರದ ಓಣಿಗಳಲ್ಲಿ, ಗಿಣಿಗೇರಾದಲ್ಲಿ ಕಾರ್ಖಾನೆಯ ಶಿಫ್ಟಿಗೆ ಹೋಗುವವರ ಮನೆಗಳಲ್ಲಿ ಎಷ್ಟು ನಾಯಿ ಬೆಕ್ಕುಗಳಿವೆ ಎಂದು ಒಮ್ಮೆ ನಡೆದು ನೋಡಿ. ಅದೂ ಬೇಡವೆಂದರೆ ಫಕೀರಮ್ಮನ ಹಟ್ಟಿಗೆ ಬನ್ನಿ. ಕೆಂಪಿಯ ಒಡಹುಟ್ಟಿದ ಮೋತಿ ಅಲ್ಲಿದ್ದಾನೆ. ಆ ಕಡೆ ತೋಳಗಳ ಕಾಟ. ಮೋತಿ ಇರುವುದರಿಂದ ಆ ತಾಯಿ ಕಣ್ಣು ಮುಚ್ಚಿ ಮಲಗುತ್ತಾರೆ. ತಾವು ಅಷ್ಟು ಅಕ್ಕರೆಯಿಂದ ಕೊಯ್ದು ತೋರಿಸಿದ ಕುರಿಯ ಯಕೃತ್ತು ತೋಳದ ಹೊಟ್ಟೆಗೆ ಹೋದ ಮೇಲೆ ಅದಕ್ಕೆ ಯಾವ ರೋಗವಿದ್ದರೇನು?

ಆ ಮೋತಿ ಈಗ ನೀರು ಕುಡಿಯುತ್ತಿದ್ದಾನೆ. ಹೋದ ವಾರ ಫಕೀರಮ್ಮ ಸಂತೆಗೆ ಬಂದವರು ನನ್ನ ಅಂಗಡಿಗೂ ಬಂದು ನಗುತ್ತಲೇ ಹೇಳಿದರು. "ಎಷ್ಟು ಇಟ್ರೂ ಸಾಲವಲ್ದವ್ವ ಅದಕ್ಕ. ಇನ್ನೊಂದು ಬೋಗುಣಿ ಇಟ್ಟೀನಿ, ಕುಡೀಲಿ ಬಿಡು." ನನಗೆ ಕೆಂಪಿಯ ಬೋಗುಣಿ ನೆನಪಾಯಿತು. ಯಂಕೇಶ ಅವರಿಗೆ ಹೇಳಿದೆ. ಅವರು ಅವತ್ತೇ ಬೈಕ್ ಹತ್ತಿ ಹೋಗಿ ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿದರು. ಮೂತ್ರಪಿಂಡ ಸೋಲತೊಡಗಿದೆ, ಪೂರ್ತಿ ಸೋತಿಲ್ಲ. "ಇನ್ನೂ ಟೈಮ್ ಐತ್ರಿ ಅಕ್ಕಾರ. ರೊಟ್ಟಿ, ಹಾಲು ತಿನ್ನೋ ಹಟ್ಟಿ ನಾಯಿಗೆ ಏನು ಬಿಡಿಸಬೇಕು, ಯಾವ ಔಷಧ ಎಷ್ಟು ಕೊಡಬೇಕು, ಅದು ನನಗ ಖಾತ್ರಿ ಇಲ್ರಿ. ಹುಬ್ಬಳ್ಳಿ ಡಾಕ್ಟರ್ನ ಫೋನಿನಾಗ ಕೇಳಾಕತ್ತೀನಿ. ಅವರರ ನಾಯಿ ನೋಡದs ಎಷ್ಟು ಹೇಳ್ಯಾರು?" ಎಂದರು. ಕುರಿ ಬಿಟ್ಟು ಹುಬ್ಬಳ್ಳಿಗೆ ಹೋಗಲು ಫಕೀರಮ್ಮನಿಗೆ ಆಗದು. ಗಾಡಿ ಕಂಡರೆ ಮೋತಿ ಕಚ್ಚಲು ಬರುತ್ತಾನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಟಗರಿನ ಪ್ರಮಾಣಪತ್ರಗಳನ್ನು ಹಿಂದಕ್ಕೆ ಪಡೆಯಿರಿ. ನಾಯಿ ಬೆಕ್ಕುಗಳಿಗೆ ದಿನನಿತ್ಯ ಚಿಕಿತ್ಸೆ ಕೊಡುವ ಪರಿಣತರೊಬ್ಬರನ್ನು ಈ ತಿಂಗಳೊಳಗೆ ನಮ್ಮಲ್ಲಿಗೇ ಕಳಿಸಿ. ನಾಲ್ಕೂ ತಾಲ್ಲೂಕಿನ ಡಾಕ್ಟರುಗಳು ಬರುತ್ತಾರೆ. ಅಲ್ಲಿಗೆ ಮುಗಿಸದೆ ವರ್ಷ ವರ್ಷವೂ ಕಲಿಸಿ, ಏಕೆಂದರೆ ಔಷಧಗಳೂ ಬದಲಾಗುತ್ತವೆ, ಮನುಷ್ಯ ಮರೆಯುತ್ತಲೂ ಇರುತ್ತಾನೆ. ಶಾಲು, ಹಾರ, ವೇದಿಕೆ ಯಾವುದೂ ಬೇಡ. ಫಕೀರಮ್ಮನ ಹಟ್ಟಿಯ ಜಾಲಿ ಮರದ ನೆರಳು ಸಾಕು. ರೋಗಿ ಅಲ್ಲೇ ಇದ್ದಾನೆ. ಬ್ಯಾನರು ಬೇಕೇ ಬೇಕೆಂದರೆ ನಾನೇ ಮಾಡಿಸಿಕೊಡುತ್ತೇನೆ, ಕೆಂಪಿಯ ಫೋಟೋ ನನ್ನ ಹತ್ತಿರ ಇದೆ.

ನಿನ್ನೆ ಫಕೀರಮ್ಮ ಫೋನ್ ಮಾಡಿದ್ದರು. ಡಾಕ್ಟರು ರಕ್ತ ಯಾಕೆ ತೆಗೆದರೆಂದು ಅವರಿಗೆ ಅನುಮಾನ ಬಂದಿದೆ. "ಖರೇ ಹೇಳವ್ವ, ಇದು ಉಷ್ಣ ಹೌದೋ ಅಲ್ಲೋ?" ಎಂದು ಕೇಳಿದರು. ಬೇರೆಯವರಿಗೆ ಬರುವ ಸರ್ಕಾರಿ ಉತ್ತರಗಳನ್ನೆಲ್ಲ ಓದಿ ಹೇಳುವ ನಾನೇ ಅಂಥದೊಂದು ಉತ್ತರ ಕೊಟ್ಟೆ. ನಾಯಿಗಳ ಡಾಕ್ಟರು ಬರುತ್ತಾರೆ, ಅಲ್ಲಿಯವರೆಗೆ ಬೋಗುಣಿ ತುಂಬಿಸುತ್ತಿರಿ ಎಂದಷ್ಟೇ ಹೇಳಿದೆ. ಅವರು ತುಂಬಿಸುತ್ತಿದ್ದಾರೆ.

ಇಂತಿ,
ತಮ್ಮ ಅಳತೆಗೆ ಸಿಗದ ಪ್ರಾಣಿಯೊಂದನ್ನು ಸಾಕಿ ಕಳೆದುಕೊಂಡ
ರೂಪಾ
ಟೈಪಿಂಗ್ ಅಂಗಡಿ, ಕುಷ್ಟಗಿ
(ಬಾಗಿಲಲ್ಲಿ ಈಗ ಯಾರೂ ಮಲಗಿರುವುದಿಲ್ಲ, ನೇರ ಒಳಗೆ ಬರಬಹುದು)