ನೂರು ಪಾಯಿಂಟು, ಐದು ಬೆಳಗಿನ ಬಾಕಿ

ವಿಹಾರ ಕ್ಲಬ್ಬಿನಲ್ಲಿ ಸದಸ್ಯರ ಪಾಯಿಂಟುಗಳಿಗೆ ಬೆಲೆ ಕಟ್ಟುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ನನ್ನ ಅಕ್ಕನ ಐದು ದಿನಗಳನ್ನು ನುಂಗಿದ್ದೀರಿ. ತೊಂಬತ್ತೆರಡನೇ ಇಸವಿಯಲ್ಲಿ ರಾಬರ್ಟ್‌ಸನ್‌ಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ನಿಮ್ಮವರು ನಮಗೆ ನೂರು ಪಾಯಿಂಟು ಮಾರಿದರು. ನೂರು ಪಾಯಿಂಟಿಗೆ ಏರ್ಕಾಡಿನ ಬೆಟ್ಟದ ಮೇಲೆ ಇಬ್ಬರಿಗೆ ಏಳು ದಿನ. ಹತ್ತು ವರ್ಷದೊಳಗೆ ಯಾವಾಗ ಬೇಕಾದರೂ ಬನ್ನಿ, ಇಟ್ಟುಕೊಂಡರೆ ಕೆಡುವ ಪದಾರ್ಥವಲ್ಲ ಎಂದರು. ಹೋದ ನವೆಂಬರಿನಲ್ಲಿ ಅದೇ ನೂರು ಪಾಯಿಂಟನ್ನು ಪೂರ್ತಿ ಕಿತ್ತುಕೊಂಡು ಎರಡು ರಾತ್ರಿ ಕೊಟ್ಟಿರಿ. ಉಳಿದ ಐದು ದಿನ ಎಲ್ಲಿ ಎಂದು ಹೊರಡುವ ಮೊದಲೇ ಕೇಳಿದ್ದಕ್ಕೆ ನಿಮ್ಮ ಕಚೇರಿ ಬರೆದ ಉತ್ತರ ನನ್ನ ಮುಂದಿದೆ: 'ನಿಮ್ಮ ಖಾತೆಯಲ್ಲಿ ನೂರು ಪಾಯಿಂಟುಗಳು ಸುರಕ್ಷಿತವಾಗಿದ್ದು, ಒಂದು ಪಾಯಿಂಟನ್ನೂ ಕಡಿತ ಮಾಡಿರುವುದಿಲ್ಲ.' ನಂಬಿದೆ ಸ್ವಾಮಿ. ಪಾಯಿಂಟುಗಳು ನೂರಕ್ಕೆ ನೂರೂ ಕ್ಷೇಮ. ಒಳಗಿದ್ದ ದಿನಗಳು ಮಾತ್ರ ಕಾಣೆ. ಅಂಚೆಯಲ್ಲಿ ಬರೆದು ಬರೆದು ಕೈ ಸೋತಿದೆ. ಈ ಸಲದ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಬಿಡುವು ಮಾಡಿಕೊಂಡು ಓದಿ. ಬಿಡುವಿಗೆ ನಿಮ್ಮಲ್ಲಿ ಕೊರತೆಯಿರಲಾರದು, ನಮ್ಮ ಬಿಡುವೆಲ್ಲ ನಿಮ್ಮಲ್ಲೇ ಇದೆಯಲ್ಲ.

ನಾನು ಬಂಗಾರಪೇಟೆ ಕಡೆಯ ದನದ ದಳ್ಳಾಳಿ. ಬಾಯಿಂದಲೇ ಬದುಕಿದವನು. ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿಯೇ ಮನೆಗೆ ಹೆಂಚು ಹಾಕಿಸಿದ್ದೇನೆ. ಆದ್ದರಿಂದ ಮೋಸವೆಂದರೇನು ಎಂದು ನನಗೆ ಯಾರೂ ಪಾಠ ಮಾಡಬೇಕಿಲ್ಲ. ಸಂತೆಗೆ ಹೊಡೆಯುವ ಹಸುವಿಗೆ ಹಿಂದಿನ ಸಂಜೆ ಹಾಲು ಕರೆಯದೆ ಬಿಡುತ್ತಾರೆ. ಬೆಳಿಗ್ಗೆ ಕೆಚ್ಚಲು ಮಡಕೆಯ ಹಾಗೆ ಉಬ್ಬಿ, ನೋಡಿದವನ ಬಾಯಲ್ಲಿ ನೀರೂರುತ್ತದೆ. ನಿಮ್ಮವರು ಅಂದು ಹಂಚಿದ ಬಣ್ಣದ ಪುಸ್ತಕದ ಬೆಟ್ಟದ ಚಿತ್ರಗಳನ್ನು ಈಗ ನೋಡಿದಾಗೆಲ್ಲ ನನಗೆ ಆ ಕೆಚ್ಚಲು ನೆನಪಾಗುತ್ತದೆ. ಆದರೆ ನಮ್ಮ ಮೋಸಕ್ಕೂ ನಿಮ್ಮದಕ್ಕೂ ಒಂದು ವ್ಯತ್ಯಾಸವಿದೆ. ನಮ್ಮದು ಮಾರನೆಯ ಸಂಜೆಯೇ ಬಕೀಟಿನಲ್ಲಿ ಬಯಲಾಗುತ್ತದೆ. ಕೊಂಡವನು ಹಸುವನ್ನು ಎಳೆದು ತಂದು ನನ್ನ ಬಾಗಿಲಿನ ಕಂಬಕ್ಕೆ ಕಟ್ಟಿ, ನನ್ನ ಹೆತ್ತವರನ್ನೆಲ್ಲ ನೆನೆದು ಹೋಗುತ್ತಾನೆ. ನಿಮ್ಮ ಪಾಯಿಂಟನ್ನು ನಾನು ಯಾವ ಕಂಬಕ್ಕೆ ಕಟ್ಟಲಿ? ಐದು ವರ್ಷದಲ್ಲಿ ನಿಮ್ಮ ಕಚೇರಿಯ ವಿಳಾಸವೇ ಮೂರು ಸಲ ಬದಲಾಗಿದೆ.

ಅಂದು ಮಂಟಪದಲ್ಲಿ ನಮಗೆ ಕಾಫಿ ಕೊಟ್ಟು, ಒಂದು ಫ್ಲಾಸ್ಕನ್ನು ಕಾಣಿಕೆಯಾಗಿ ಕೊಟ್ಟು, ಟೈ ಕಟ್ಟಿದ ಒಬ್ಬ ತರುಣ ಮಾತು ಶುರು ಮಾಡಿದ. ಒಳ್ಳೆಯ ಮಾತುಗಾರ. ಮಾತಿನ ಕಸುಬಿನವನಾಗಿ ಹೇಳುತ್ತೇನೆ, ಅವನು ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆಂದು ಕಾದು ಕಾದು ನಾನೇ ಮರುಳಾದೆ. "ರೂಮಿನ ಬೆಲೆ ವರ್ಷವರ್ಷ ಏರುತ್ತೆ ಸಾರ್, ನಿಮ್ಮ ಪಾಯಿಂಟು ಇಳಿಯಲ್ಲ. ನಾಳೆಯ ರಜಾನ ಇವತ್ತಿನ ಬೆಲೆಗೆ ತಗೋತಿದ್ದೀರ" ಎಂದ. ನನ್ನ ಪಕ್ಕದಲ್ಲಿ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ ಮುನಿಗಂಗಮ್ಮ ಕೂತಿದ್ದಳು. ಹದಿನಾಲ್ಕನೇ ವಯಸ್ಸಿನಿಂದ ಕತ್ತಲಿರುವಾಗಲೇ ಎದ್ದು ಹಾಲು ಕರೆದವಳು. ಹಸುಗಳಿಗೆ ಭಾನುವಾರವಿಲ್ಲ, ಹಬ್ಬವಿಲ್ಲ, ಸೂತಕವೂ ಇಲ್ಲ. ಗಂಡ ತೀರಿಕೊಂಡ ಸಂಜೆಯೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕರೆದಿದ್ದಳು, ಕರೆಯದಿದ್ದರೆ ಕೆಚ್ಚಲು ಬಾತುಕೊಳ್ಳುತ್ತದೆ. ಬೆಟ್ಟ ನೋಡುವ ಆಸೆಯೇನಕ್ಕ ಎಂದು ನಾನು ಕೇಳಿದ್ದಕ್ಕೆ ನಕ್ಕಿದ್ದಳು.

"ಬೆಟ್ಟ ಗಿಟ್ಟ ಯಾರಿಗೆ ಬೇಕ್ಲಾ? ಏಳು ದಿನ ಬೆಳಕರಿದ ಮೇಲೆ ಎದ್ದೇಳ್ಬೇಕು. ಇನ್ಯಾರೋ ಕಾಯ್ಸಿದ ಕಾಫಿ ಕುಡೀಬೇಕು. ಅಷ್ಟೇ ಕಣ್ಲಾ."

ಸಹಿ ಹಾಕುವ ಮೊದಲು ಅವಳು ಆ ತರುಣನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. "ಅಪ್ಪಾ, ಇವತ್ತು ಕೊಟ್ಟು ಮಡಗಿದ್ರೆ, ನಾಕು ವರ್ಸ ಬುಟ್ಟು ಓದ್ರೂ ಏಳು ದಿನ ಏಳೇನಾ? ನಮ್ ಮುಯ್ಯಾಳಿನ ತರಾನಾ?"

"ಕರೆಕ್ಟಾಗಿ ಹೇಳಿದ್ರಿ ಅಮ್ಮಾ! ಮುಯ್ಯಾಳೇ!" ಎಂದ ಅವನು, ಪೆನ್ನಿನ ಮುಚ್ಚಳ ತೆಗೆಯುತ್ತ.

ಮುಯ್ಯಾಳು ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ ಎಂಬುದು ಅವನ ಮುಖದಲ್ಲೇ ಬರೆದಿತ್ತು. ನಾನು ಓದಿಯೂ ಸುಮ್ಮನಿದ್ದೆ, ಮಾತು ಚೆನ್ನಾಗಿತ್ತಲ್ಲ. ನಿಮಗೂ ಗೊತ್ತಿರಲಾರದು, ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ನಾನು ನಿನ್ನ ಹೊಲಕ್ಕೆ ಒಂದು ದಿನ ಕಳೆ ಕೀಳಲು ಬಂದರೆ, ನೀನು ನನ್ನ ಹೊಲಕ್ಕೆ ಒಂದು ದಿನ ಬರಬೇಕು. ಕೂಲಿಯ ಮಾತಿಲ್ಲ, ಪತ್ರವಿಲ್ಲ, ಸಾಕ್ಷಿಯಿಲ್ಲ. ನಡುವೆ ಕೂಲಿ ಮೂರು ರೂಪಾಯಿಂದ ಮೂವತ್ತಕ್ಕೆ ಏರಿದರೂ ದಿನ ದಿನವೇ. 'ನೀನು ಬಂದದ್ದು ಪುಷ್ಯದಲ್ಲಿ, ಹೊತ್ತು ಚಿಕ್ಕದು. ನಾನು ವೈಶಾಖದಲ್ಲಿ ಬಂದರೆ ಹೊತ್ತು ದೊಡ್ಡದು, ಆದ್ದರಿಂದ ಮಧ್ಯಾಹ್ನಕ್ಕೇ ಹೋಗುತ್ತೇನೆ' ಎಂದು ಇದುವರೆಗೆ ಯಾರೂ ಅಂದಿಲ್ಲ. ಅಂದರೆ ಮರುದಿನದಿಂದ ಅವನ ಹೊಲಕ್ಕೆ ಕಾಗೆ ಬಿಟ್ಟು ಇನ್ನಾರೂ ಇಳಿಯುವುದಿಲ್ಲ. ಅಕ್ಕ ನಿಮ್ಮ ಕ್ಲಬ್ಬನ್ನು ಇಂಥ ಮರ್ಯಾದಸ್ಥರ ಸಾಲಿನಲ್ಲಿಟ್ಟು ನೋಡಿದಳು. ಅದು ಅವಳ ತಪ್ಪು. ಆ ನಂಬಿಕೆಯ ಮೇಲೆ ತನ್ನ ಕೊಟ್ಟಿಗೆಯ ಒಳ್ಳೆಯ ಸೀಮೆ ಹಸುವನ್ನು ಮಾರಿ ನಿಮಗೆ ತಂದು ಸುರಿದಳು. ದಳ್ಳಾಳಿ ನಾನೇ. ಕಮಿಷನ್ ತೆಗೆದುಕೊಳ್ಳಲಿಲ್ಲ, ಅಷ್ಟು ಮಾತ್ರ ಹೇಳಿಕೊಳ್ಳಬಹುದು.

ಹಾಲು ಕರೆಯುವವಳು ಊರು ಬಿಡಬೇಕಾದರೆ ಹಾಲು ಕರೆಯಲು ಬೇರೊಂದು ಕೈ ಬೇಕು. ಅಕ್ಕ ಅದಕ್ಕೂ ಏರ್ಪಾಡು ಮಾಡಿಕೊಂಡಳು. ಪಕ್ಕದ ಮನೆಯ ವರಲಕ್ಷ್ಮಮ್ಮ ಮಗಳ ಬಾಣಂತನಕ್ಕೆಂದು ಕುಪ್ಪಂಗೆ ಹೋದಾಗ, ಅವಳ ಹಸುಗಳನ್ನು ಏಳು ದಿನ ಅಕ್ಕನೇ ಕರೆದಳು. "ನಿನ್ ಏಳು ದಿನ ನನ್ ತಾವ ಐತೆ ಕಣೇ ಗಂಗಮ್ಮ, ಬೆಟ್ಟುಕ್ಕೆ ಓಗುವಾಗ ಇಸ್ಕೋ" ಎಂದಳು ವರಲಕ್ಷ್ಮಮ್ಮ. ಹೀಗೆ ಅಕ್ಕನಿಗೆ ಎರಡು ಕಡೆ ಏಳೇಳು ದಿನ ಠೇವಣಿ ಬಿತ್ತು: ಒಂದು ನಿಮ್ಮ ಕಂಪ್ಯೂಟರಿನಲ್ಲಿ, ಇನ್ನೊಂದು ವರಲಕ್ಷ್ಮಮ್ಮನ ಬಾಯಲ್ಲಿ. ಯಾವ ಬ್ಯಾಂಕು ಗಟ್ಟಿ ಎಂದು ಆಗ ಯಾರಾದರೂ ಕೇಳಿದ್ದರೆ ನಾನೂ ನಿಮ್ಮದೇ ಹೆಸರು ಹೇಳುತ್ತಿದ್ದೆ.

ಮೊದಲ ವರ್ಷ ಕಟ್ಟಡವೇ ಎದ್ದಿಲ್ಲ ಎಂದಿರಿ. ಎರಡನೇ ವರ್ಷ ಆಂಡರ್ಸನ್‌ಪೇಟೆಯ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ.

"ಮೇ ತಿಂಗಳು ಫುಲ್ ಸರ್."

"ಜೂನು?"

"ಜೂನ್‌ನಲ್ಲಿ ಪೇಂಟಿಂಗ್ ನಡೀತಿರುತ್ತೆ ಸರ್."

"ಅಲ್ಲಮ್ಮಾ, ಹೋದ ವರ್ಷ ಇನ್ನೂ ಗೋಡೆನೇ ಎದ್ದಿಲ್ಲ ಅಂದ್ರಿ. ಈಗಾಗ್ಲೇ ಬಣ್ಣ ಬಿಟ್ಟೋಯ್ತಾ?"

"ಲೈನಲ್ಲೇ ಇರಿ ಸರ್" ಎಂದಿತು ಆ ಧ್ವನಿ. ಆಮೇಲೆ ಸಂಗೀತ ಕೇಳಿಸಿತು. ಬೂತಿನ ಮೀಟರು ಓಡಿತು. ಈವರೆಗೆ ನಿಮ್ಮ ಕ್ಲಬ್ಬಿನಿಂದ ನನಗೆ ದೊರೆತ ಮನರಂಜನೆ ಅದೊಂದೇ.

ಮೂರನೇ ವರ್ಷ ನೀವು ಪಂಚಾಂಗಕ್ಕೇ ಬಣ್ಣ ಬಳಿದಿರಿ. ಬೇಸಿಗೆ ಕೆಂಪು, ಚಳಿಗಾಲ ಬಿಳಿ, ಮಳೆ ಹೊಯ್ದು ಮಂಜು ಕವಿದು ಎದುರಿನ ಮನುಷ್ಯ ಕಾಣದ ತಿಂಗಳುಗಳು ನೀಲಿ. ನೂರು ಪಾಯಿಂಟಿಗೆ ಕೆಂಪಿನಲ್ಲಿ ಒಂದು ರಾತ್ರಿಯೂ ಇಲ್ಲ, ನೀಲಿಯಲ್ಲಿ ಎರಡು. ಕಾರಣ ಕೇಳಿದರೆ ಖರ್ಚು ಹೆಚ್ಚಾಗಿದೆ ಎಂದು ಬರೆದಿರಿ. ನಾನೇನು ಹಾಲು ಕುಡಿಯುವ ಕೂಸೇ? ರಾಗಿ ಏರಿದೆ, ಬೂಸ ಏರಿದೆ, ಹೋಟೆಲಿನ ಬಾಡಿಗೆಯೂ ಏರಿರುತ್ತದೆ. ಕರೆಂಟಿನ ಖರ್ಚೆಂದು ಮೇಲೆ ನಾಲ್ಕು ಕಾಸು ಕೇಳಿದ್ದರೆ ಗೊಣಗಿಕೊಂಡೇ ಕೊಡುತ್ತಿದ್ದೆ. ಆದರೆ ನೀವು ನಮಗೆ ಮಾರಿದ ಸರಕು ಯಾವುದು? ಬೆಲೆಯೇರಿಕೆಯಿಂದ ಕಾಪಾಡುತ್ತೇವೆಂದು ಹೇಳಿ ಮಾರಿದಿರಿ. ಬೆಲೆಯೇರಿದೆಯೆಂದು ಹೇಳಿ ಕಿತ್ತುಕೊಂಡಿರಿ. ಕೊಡೆ ಮಾರಿದವನು ಮಳೆ ಬಂದ ಕೂಡಲೇ ಕೊಡೆ ಕಸಿದುಕೊಂಡು, ನೋಡಿ ಸ್ವಾಮಿ, ಮಳೆ ಬರುತ್ತಿದೆಯಲ್ಲ ಎಂದರೆ ಅವನನ್ನು ಏನೆಂದು ಕರೆಯುತ್ತಾರೆ? ನಿಮ್ಮಲ್ಲಿ ಮುಖ್ಯಾಧಿಕಾರಿ ಎಂದು ಕರೆಯುತ್ತಾರೆಂದು ಕಾಣುತ್ತದೆ.

ನಮ್ಮ ಡೈರಿಯಲ್ಲಿ ಲೀಟರು ನೋಡಿ ದುಡ್ಡು ಕೊಡುವುದಿಲ್ಲ, ಕೊಬ್ಬಿನ ಅಂಶ ಪರೀಕ್ಷಿಸಿ ಕೊಡುತ್ತಾರೆ. ನಲ್ಲಿ ನೀರು ಬೆರೆಸಿ, ಲೀಟರು ಲೀಟರೇ ಇದೆಯಲ್ಲ ಎಂದು ವಾದಿಸುವ ಮಹಾನುಭಾವರು ನಮ್ಮಲ್ಲೂ ಇದ್ದಾರೆ. ಅವರ ಕ್ಯಾನನ್ನು ಡೈರಿಯವನು ಎಲ್ಲರೆದುರಿಗೆ ಚರಂಡಿಗೆ ಸುರಿಯುತ್ತಾನೆ. ಅವರಾದರೂ ತಲೆ ತಗ್ಗಿಸಿಕೊಂಡು ಮನೆಗೆ ಹೋಗುತ್ತಾರೆ, 'ಸುರಕ್ಷಿತವಾಗಿದ್ದು' ಎಂದು ಪತ್ರ ಬರೆಯುವುದಿಲ್ಲ.

ಪಾಯಿಂಟಿಗೆ ಕಾಲ ಕಳೆದಂತೆ ಬೆಲೆ ಉಳಿಯುತ್ತದೆಯೇ ಎಂಬುದನ್ನು ನನ್ನ ಕಸುಬಿನ ರೀತಿಯಲ್ಲೇ ಪರೀಕ್ಷಿಸಿದೆ. ಅಂದರೆ ಮಾರಲು ಹೊರಟೆ. ಹಲ್ಲುದುರಿದ ಹಸುವಿಗೂ, ಗೊಡ್ಡಿಗೂ, ಕುಂಟು ಹೋರಿಗೂ ನಾನು ಗಿರಾಕಿ ಹುಡುಕಿದವನು. ನಿಮ್ಮ ನೂರು ಪಾಯಿಂಟಿಗೆ ಗಿರಾಕಿ ಸಿಗಲಿಲ್ಲ. ನೀವೇ ಹಿಂದಕ್ಕೆ ಕೊಳ್ಳಿ ಎಂದರೆ ಅಂಥ ನಿಯಮವಿಲ್ಲ ಎಂದಿರಿ. ಅದೇ ವಾರ ರಾಬರ್ಟ್‌ಸನ್‌ಪೇಟೆಯ ಅದೇ ಮಂಟಪದಲ್ಲಿ ಹೊಸಬರಿಗೆ ದುಪ್ಪಟ್ಟು ಬೆಲೆಗೆ ಅದೇ ಪಾಯಿಂಟು ಮಾರುತ್ತಿದ್ದಿರಿ, 'ಇಳಿಯುವುದಿಲ್ಲ' ಎಂದು ಹೇಳಿಕೊಂಡು. ಇತ್ತ ಅಕ್ಕ ಮಾರಿದ ಹಸುವನ್ನು ಕೊಂಡದ್ದು ನಮ್ಮ ಬೀದಿಯ ಕೊನೆಯ ಮನೆಯವರು. ಆ ಹಸು ಎರಡು ಹೆಣ್ಣುಗರು ಹಾಕಿ, ದೊಡ್ಡದು ಈಗ ತಾನೇ ಕರು ಹಾಕಿ ಹಾಲು ಕೊಡುತ್ತಿದೆ. ದಿನಾ ಸಂಜೆ ತಾಯಿಮಕ್ಕಳು ಅಕ್ಕನ ಬಾಗಿಲ ಮುಂದೆಯೇ ಹಾದು ಹೋಗುತ್ತವೆ. ಮುದಿ ಹಸು ಹಳೆಯ ಗುರುತಿಗೆ ಒಂದು ಗಳಿಗೆ ನಿಲ್ಲುತ್ತದೆ. ಅಕ್ಕ ಒಳಗೆ ಹೋಗಿಬಿಡುತ್ತಾಳೆ.

ಈ ನಡುವೆ, ತೊಂಬತ್ತೈದರಲ್ಲಿ, ವರಲಕ್ಷ್ಮಮ್ಮ ತೀರಿಕೊಂಡಳು. ಬೆಳಿಗ್ಗೆ ಎದೆನೋವು ಅಂದವಳು ಸಂಜೆಗೆ ಇಲ್ಲ. ಅವಳಲ್ಲಿದ್ದ ಏಳು ದಿನವೂ ಅವಳ ಜೊತೆಗೇ ಹೋಯಿತೆಂದು ಅಕ್ಕ ಆ ಸುದ್ದಿಯನ್ನೇ ಎತ್ತಲಿಲ್ಲ. ಹೋದ ನವೆಂಬರಿನಲ್ಲಿ, ಸಿಕ್ಕಷ್ಟು ಸಿಗಲಿ ಎಂದು ನಿಮ್ಮ ಎರಡು ನೀಲಿ ರಾತ್ರಿಗಳಿಗೇ ಹೊರಟೆವು. ನನ್ನ ಹೆಂಡತಿ ಹಾಲು ಕರೆಯುವುದೆಂದು ಮಾತಾಗಿತ್ತು. ಹೊರಡುವ ಹಿಂದಿನ ಸಂಜೆ ವರಲಕ್ಷ್ಮಮ್ಮನ ಸೊಸೆ ಅನಸೂಯ ಬಕೀಟು ಹಿಡಿದು ಕೊಟ್ಟಿಗೆಗೆ ಬಂದಳು.

"ಏನಮ್ಮಿ, ಬಕೀಟು ಇಡ್ಕೊಂಡ್ ಬಂದಿದ್ದೀಯ?" ಎಂದಳು ಅಕ್ಕ.

"ಅಸುಗಳಿಗೆ ನನ್ ಮೈವಾಸ್ನೆ ಅಬ್ಯಾಸ ಆಗ್ಲಿ ಅಂತ ದೊಡ್ಡಮ್ಮಾ. ನಾಳೆಯಿಂದ ಏಳು ದಿನ ನಾನೇ ಅಲ್ವಾ. ನಮ್ಮತ್ತೆ ಅಂದಿದ್ರು."

"ಓದೋಳ ಜತೆ ಓಯ್ತು ಬುಡು ತಾಯಿ."

"ಅದೆಂಗೆ ಓಯ್ತದೆ? ಅತ್ತೆ ಓದ್ರು. ಅಸುಗಳು ಐತೆ, ನನ್ ಕೈ ಐತೆ."

ಮಾನ್ಯರೇ, ಈ ಮಾತನ್ನು ನಿಮ್ಮ ಮುಂದಿನ ಬಣ್ಣದ ಪುಸ್ತಕದಲ್ಲಿ ಅಚ್ಚು ಹಾಕಿಸಿ. ಆ ಹೆಂಗಸು ಸತ್ತಳು, ಅವಳಲ್ಲಿದ್ದ ಏಳು ದಿನ ಸಾಯಲಿಲ್ಲ. ನೀವು ಬದುಕಿದ್ದೀರಿ, ದುಂಡುದುಂಡಗೆ ಬದುಕಿದ್ದೀರಿ, ನಿಮ್ಮಲ್ಲಿದ್ದ ಏಳು ದಿನದಲ್ಲಿ ಐದಕ್ಕೆ ತಿಥಿ ಮಾಡಿದಿರಿ.

ಬೆಟ್ಟದ ವೈಭವವನ್ನೂ ಕೇಳಿ. ನೀಲಿ ಕಾಲವಾದ್ದರಿಂದ ಊಟದ ಮನೆ ಎಂಟೂವರೆಗೆ ಮೊದಲು ತೆರೆಯುವುದಿಲ್ಲವಂತೆ. ಕೋಣೆಯಲ್ಲೇ ಒಲೆಯಿದೆ, ಪಾತ್ರೆಯಿದೆ, ಬೇಕಾದ್ದು ನೀವೇ ಮಾಡಿಕೊಳ್ಳಿ, 'ಮನೆಯಂತೆಯೇ' ಎಂದರು. ಮನೆಯಂತೆ ಇರಬಾರದೆಂದೇ ಅವಳು ಹಸು ಮಾರಿದ್ದು! ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಕ್ಕ ಆಗಲೇ ಎದ್ದು ಕಾಫಿ ಕಾಯಿಸಿದ್ದಳು. ನನಗೊಂದು ಲೋಟ, ಮಂಜಿನಲ್ಲಿ ನಡುಗುತ್ತಿದ್ದ ನಿಮ್ಮ ವಾಚ್‌ಮನ್ನಿಗೊಂದು ಲೋಟ. ಎರಡನೆಯ ಬೆಳಿಗ್ಗೆಯೂ ಅಷ್ಟೇ, ವಾಚ್‌ಮನ್ ತನ್ನ ಗೆಳೆಯನನ್ನೂ ಕರೆತಂದಿದ್ದ. ಹೊರಡುವಾಗ ನಿಮ್ಮ ಮ್ಯಾನೇಜರು ಹಾಲಿನ ಪ್ಯಾಕೆಟ್ಟುಗಳ ಬಿಲ್ಲು ಕೊಟ್ಟರು. ಐವತ್ತು ವರ್ಷ ಊರಿಗೆ ಹಾಲು ಕರೆದವಳು ನಿಮ್ಮ ಆಳಿಗೆ ಕಾಫಿ ಕಾಯಿಸಿಕೊಟ್ಟು, ಆ ಹಾಲಿಗೆ ದುಡ್ಡೂ ತೆತ್ತು ಬಂದಳು.

ಸೋಮವಾರ ಹೋದವರು ಬುಧವಾರ ರಾತ್ರಿ ಬಂಗಾರಪೇಟೆಯಲ್ಲಿ ಇಳಿದೆವು. ಬಾಗಿಲಲ್ಲೇ ಅನಸೂಯ ಸಿಕ್ಕಳು.

"ಏಳು ದಿನುಕ್ಕೆ ಓದೋರು ಮೂರೇ ದಿನುಕ್ಕೆ ಬಂದ್ಬುಟ್ರಾ ದೊಡ್ಡಮ್ಮಾ?"

"ಅವ್ರ ಏಳು ದಿನ ಅಷ್ಟೇಯಂತೆ ಕಣಮ್ಮಿ."

"ಅವ್ರುದು ಏನಾರ ಆಗ್ಲಿ. ನಮ್ದು ಏಳು ಅಂದ್ರೆ ಏಳೇ. ಇನ್ನೂ ನಾಕು ದಿನ ಕೊಟ್ಟಿಗೆ ಕಡೀಕೆ ಬರ್ಬ್ಯಾಡಿ. ಓಗಿ ಮಲೀಕಳಿ."

ನಾಲ್ಕು ಬೆಳಗೂ ಅವಳೇ ಹಾಲು ಕರೆದಳು. ಕರೆದು, ಡೈರಿಗೆ ಹಾಕಿ, ಬಿಸಿಲು ಹೊಸ್ತಿಲಿಗೆ ಬಂದ ಮೇಲೆ ಅಕ್ಕನನ್ನು ಎಬ್ಬಿಸಿ ಕಾಫಿ ಲೋಟ ಕೈಗಿಟ್ಟಳು. ಮೊದಲ ದಿನ ಅಕ್ಕ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಬಿಸಿಲಿಗೆ ಕಾಲು ಚಾಚಿ ಕೂತಳು. ಆರಿಹೋಗ್ತದೆ ಕುಡಿಯಕ್ಕಾ ಎಂದೆ. "ಇರ್ಲಾ" ಎಂದಳು. ಇಡೀ ಜನ್ಮದಲ್ಲಿ ಅವಳಿಗೆ ಸಿಕ್ಕ ರಜೆ ಅದು, ಸತ್ತವಳೊಬ್ಬಳ ಲೆಕ್ಕದಿಂದ ಸಿಕ್ಕದ್ದು. ಅದರಲ್ಲಿ ನಿಮ್ಮದೇನೂ ಇಲ್ಲ.

ಈಗ ನನ್ನ ಬೇಡಿಕೆ. ಹಣ ಬೇಡ, ಮುಯ್ಯಾಳಿಗೆ ಹಣ ಕೊಡುವುದನ್ನು ನಮ್ಮಲ್ಲಿ ಬೈಗುಳವೆಂದು ತಿಳಿಯುತ್ತಾರೆ. ಹೊಸ ಪಾಯಿಂಟೂ ಬೇಡ. ದಿನಕ್ಕೆ ದಿನ ಕೊಡಿ. ನೀವೇ ಬನ್ನಿ, ಗುಮಾಸ್ತರನ್ನು ಅಟ್ಟಬೇಡಿ. ಬೆಂಗಳೂರಿನಿಂದ ಬಂಗಾರಪೇಟೆಗೆ ರೈಲು ಬೇಕಾದಷ್ಟಿವೆ. ಐದು ದಿನ ನಮ್ಮ ಕೊಟ್ಟಿಗೆಯಲ್ಲಿ ದುಡಿದು ಬಾಕಿ ತೀರಿಸಿ. ನೀವು ಹಾಲು ಕರೆಯಬೇಕು ಎಂದೇ ಮೊದಲು ಬರೆದಿದ್ದೆ. ಪತ್ರ ಓದಿ ಹೇಳಿದಾಗ ಅಕ್ಕ ತಲೆಯಾಡಿಸಿದಳು: "ಬ್ಯಾಡ ಕಣ್ಲಾ. ಅಂತೋರ ಕೈ ಸೋಕಿದ್ರೆ ಅಸು ಹಾಲಿಳ್ಸಾಕಿಲ್ಲ."

ಆದ್ದರಿಂದ ಹಾಲಿನ ಕೆಲಸ ನಿಮಗಿಲ್ಲ. ಸಗಣಿ ಬಾಚಿ. ಆಮೇಲೆ ಸೋಪು ಹಾಕಿ ಕೈ ತೊಳೆದುಕೊಂಡು, ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಅಕ್ಕನಿಗೆ ಒಂದು ಲೋಟ ಕಾಫಿ ಕಾಯಿಸಿ ಕೊಡಿ. ಅವಳಿಗೆ ಬೆಲ್ಲದ ಕಾಫಿಯೇ ಆಗಬೇಕು. ಹಾಲಿಗೆ ಬಿಲ್ಲು ಹಾಕುವುದಿಲ್ಲ.

ಇಂತಿ,
ಹಲ್ಲು ನೋಡದೆ ಒಂದೇ ಒಂದು ಸಲ ವ್ಯಾಪಾರ ಮಾಡಿದ ದಳ್ಳಾಳಿ,
ಬಚ್ಚಪ್ಪ
(ನಿಮ್ಮ ಕಡತದಲ್ಲಿ: ಖಾತೆ ಮುಕ್ತಾಯ. ನಮ್ಮೂರಲ್ಲಿ: ಬಾಕಿ ಇದೆ.)